ಬೇಸ್ ಗಿಟಾರಿಗೆ ಎರಡನೇ ಕಿವಿ

ಅರಸೀಕೆರೆ ಕಡೆಯ ಒಂದು ಹಳ್ಳಿ, ಗಣಪತಿ ಬಿಡುವ ಹಿಂದಿನ ರಾತ್ರಿ. ರಸಮಂಜರಿ ಮುಗಿಸಿ ವೇದಿಕೆ ಹಿಂದೆ ಬಾಳೆಲೆ ಚೂರಿನ ಮೇಲೆ ಉಪ್ಪಿಟ್ಟು ಹಾಕಿಸಿಕೊಂಡು ನಿಂತಿದ್ದೆ. ಸಂಘದ ಹುಡುಗನೊಬ್ಬ ಬಂದು, ‘ಅಣ್ಣಾ, ನಿಮ್ ಗಿಟಾರ್ ಏನಾದ್ರೂ ಕೆಟ್ಟೋಗಿತ್ತಾ? ಎದೆ ಗುಂಯ್ ಅಂತಿತ್ತು, ಏನ್ ನುಡಿಸ್ತಿದೀರಾ ಅಂತ ಮಾತ್ರ ಗೊತ್ತಾಗ್ಲಿಲ್ಲ’ ಅಂದ. ಬೇಜಾರಾಯಿತು. ಆದರೆ ಅವನ ಕಿವಿಯಲ್ಲಿ ದೋಷವಿರಲಿಲ್ಲ. ಎರಡು ಕೀಬೋರ್ಡು, ರಿದಮ್ ಪ್ಯಾಡು, ಢೋಲಕ್ಕು, ಮೇಲೆ ಮುಂದಿನ ಸಾಲಿನಲ್ಲಿ ತಮಟೆ. ಇದರ ನಡುವೆ ನನ್ನ ಬೇಸು ನೆಲ ನಡುಗಿಸುತ್ತಿತ್ತೇ ಹೊರತು ಸ್ವರ ಹೇಳುತ್ತಿರಲಿಲ್ಲ. ಹಾಸನಕ್ಕೆ ವಾಪಸ್ ಬರುವ ಟೆಂಪೊದಲ್ಲೇ ತೀರ್ಮಾನ ಮಾಡಿದೆ: ಇದಕ್ಕೆ ಇನ್ನೊಂದು ಪಿಕಪ್, ಅಂದರೆ ತಂತಿಯ ಅಲುಗಾಟ ಹಿಡಿಯುವ ಇನ್ನೊಂದು ಕಿವಿ, ಕೂರಿಸಬೇಕು.

ಕೂರಿಸಿದೆ. ಮನೆಯ ಹಿಂದಿನ ಶೀಟಿನ ಕೆಳಗೆ, ಬೀದಿಯ ಬಡಗಿಯ ಅರ್ಧ ಸಹಾಯ, ಅರ್ಧ ಗೇಲಿಯ ಜೊತೆ. ಮರ ಕೊರೆಯುವುದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ಅದು ಒಂದು ಮಧ್ಯಾಹ್ನದ ಮಾತು. ಎಲ್ಲಿ ಕೊರೆಯಬೇಕು ಅನ್ನುವುದಕ್ಕೇ ಎರಡು ವಾರ ಹೋಯಿತು, ಹೋಗಲೇಬೇಕಿತ್ತು. ಹಾಗಾಗಿ ಈ ಬರಹದಲ್ಲೂ ಉಳಿಗಿಂತ ಜಾಗದ ಮಾತೇ ಹೆಚ್ಚು.

ಪಿಕಪ್ಪನ್ನು ಮೈಕಿನ ತಮ್ಮ ಅಂತ ತಿಳಿದವರು ಬಹಳ. ಮೈಕಿನ ಮುಂದೆ ಕೆಮ್ಮಿದರೆ ಕೇಳುತ್ತದೆ. ಪಿಕಪ್ಪಿನ ಮುಂದೆ ಎಷ್ಟು ಕೂಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಒಳಗಿರುವುದು ಅಯಸ್ಕಾಂತ, ಅದರ ಸುತ್ತ ತಲೆಗೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಸಾಮಾನ್ಯವಾಗಿ ಬಳಸುವುದು 42ನೇ ಗೇಜು, ಅಂದರೆ ಸುಮಾರು 0.063 ಮಿ.ಮೀ. ದಪ್ಪ. ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಅಯಸ್ಕಾಂತದ ಕ್ಷೇತ್ರ ಕದಡುತ್ತದೆ, ಆ ಕದಡು ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ ತತ್ವವೇ, ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದದ್ದು. ನಮಗಿಲ್ಲಿ ಬೇಕಾದ ಸಂಗತಿ ಇಷ್ಟು: ಪಿಕಪ್ಪಿಗೆ ಇಡೀ ತಂತಿ ಕಾಣುವುದಿಲ್ಲ. ತನ್ನ ನೆತ್ತಿಯ ಮೇಲೆ ಹಾದುಹೋಗುವ ಒಂದೆರಡು ಸೆಂ.ಮೀ. ತುಂಡು ಏನು ಮಾಡುತ್ತದೋ ಅಷ್ಟೇ ಅದರ ಪ್ರಪಂಚ.

ತಂತಿಯಾದರೋ ಎಲ್ಲ ಕಡೆಯೂ ಒಂದೇ ರೀತಿ ಅಲುಗುವುದಿಲ್ಲ. ತಂಬೂರಿಯ ಷಡ್ಜ ಮೀಟಿದಾಗ ಯಾರೂ ಮೀಟದ ಗಾಂಧಾರ ಮೇಲಿನಿಂದ ಇಳಿದು ಬರುವುದನ್ನು ಕೇಳಿದ್ದೀರಲ್ಲ? ಒಂದೇ ತಂತಿ ಪೂರ್ತಿಯಾಗಿಯೂ ಅಲುಗುತ್ತದೆ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು, ನಾಲ್ಕು, ಐದು ಭಾಗವಾಗಿಯೂ ಅಲುಗುತ್ತದೆ. ಆ ಗಾಂಧಾರ ಐದು ಭಾಗದ ಅಲುಗಾಟದ ಸ್ವರ. ಹೀಗೆ ಭಾಗವಾಗುವಾಗ ಭಾಗಗಳ ನಡುವೆ ಗಂಟುಗಳಿರುತ್ತವೆ. ಆ ಬಿಂದುವಿನಲ್ಲಿ ಆ ಒಂದು ಅಲುಗಾಟ ಸೊನ್ನೆ. ಗಂಟಿನ ಕೆಳಗೆ ಪಿಕಪ್ ಕೂತಿದ್ದರೆ ಆ ಸ್ವರ ಅದರ ಪಾಲಿಗೆ ಇಲ್ಲವೇ ಇಲ್ಲ.

ಈಗ ನನ್ನ ಬೇಸಿಗೆ ಬರೋಣ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡಾಗಿ ಒಡೆದು ಹಿಂದೆ ಮುಂದೆ ಕೂರಿಸಿದರು. ಇ, ಎ ತಂತಿಗಳಿಗೆ ಒಂದು ತುಂಡು, ಡಿ, ಜಿ ತಂತಿಗಳಿಗೆ ಇನ್ನೊಂದು. ನನ್ನದು ಅದರದೇ ಅಚ್ಚಿನ ಅಗ್ಗದ ನಕಲು, ಮೂರನೇ ಕೈಯದು. ತಂತಿ ತಲೆಯ ಕಡೆ ಒರಗುವ ನಟ್ಟಿನಿಂದ ಬುಡದ ಕಡೆ ಒರಗುವ ಬ್ರಿಡ್ಜಿನ ಸ್ಯಾಡಲ್‌ವರೆಗೆ 34 ಇಂಚು, ಹತ್ತಿರ ಹತ್ತಿರ 864 ಮಿ.ಮೀ. ಪಿಕಪ್ಪಿನ ನಡುಗೆರೆ ಸ್ಯಾಡಲ್‌ನಿಂದ 140 ಮಿ.ಮೀ. ದೂರ. 864ನ್ನು ಆರರಿಂದ ಭಾಗಿಸಿ: 144. ಅಂದರೆ ಆರು ಭಾಗದ ಅಲುಗಾಟದ ಗಂಟು ಸರಿಯಾಗಿ ನನ್ನ ಪಿಕಪ್ಪಿನ ತಲೆ ಮೇಲೆ ಇದೆ. ಬಿಡಿ ತಂತಿ (ಎಲ್ಲೂ ಬೆರಳು ಒತ್ತದ ತಂತಿ) ಮೀಟಿದಾಗ ಆ ಮೇಲಿನ ಪಂಚಮ ಅದಕ್ಕೆ ಕೇಳಿಸುವುದೇ ಇಲ್ಲ ಅಂದರೂ ಸರಿ. ಹನ್ನೆರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಒತ್ತಿ. ತಂತಿ ಅರ್ಧವಾಗಿ 432 ಆಯಿತು, ಅದೇ ಜಾಗ ಈಗ ಮೂರು ಭಾಗದ ಗಂಟು. ನುಡಿಸುವ ಸ್ವರಕ್ಕೆ ತಕ್ಕಂತೆ ಗಂಟುಗಳೂ ಓಡಾಡುತ್ತವೆ, ಪಿಕಪ್ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಪಿಕಪ್ಪನ್ನು ಸ್ಯಾಡಲ್‌ನಿಂದ 65 ಮಿ.ಮೀ. ದೂರದಲ್ಲಿ ಇಟ್ಟರೆ? ಲೆಕ್ಕ ಸುಲಭ, ಟ್ರಿಗನಾಮೆಟ್ರಿಯ ಸೈನ್ ಪಟ್ಟಿ ಸಾಕು. ಒಂದೊಂದು ಅಲುಗಾಟವೂ ತನ್ನ ಉಬ್ಬಿನ ತುದಿಯಲ್ಲಿ 1 ಅಂತ ಇಟ್ಟುಕೊಂಡರೆ, ಮೂಲ ಸ್ವರ 140ರ ಜಾಗದಲ್ಲಿ 0.49, 65ರ ಜಾಗದಲ್ಲಿ ಬರೀ 0.23. ಆರನೆಯದು 140ರಲ್ಲಿ 0.09, 65ರಲ್ಲಿ 0.99! ಬ್ರಿಡ್ಜಿನ ಹತ್ತಿರದ ಪಿಕಪ್ ಯಾಕೆ ತೆಳು, ಯಾಕೆ ಚುರುಕು ಅನ್ನುವುದಕ್ಕೆ ಈ ನಾಲ್ಕು ಅಂಕಿಗಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಕಾಗದದ ಲೆಕ್ಕ ಇದು, ನಿಜ; ಬೆರಳು ಎಲ್ಲಿ ಮೀಟುತ್ತದೆ, ತಂತಿ ಹೊಸದೋ ಹಳತೋ, ಎಲ್ಲವೂ ಸೇರಿಕೊಳ್ಳುತ್ತವೆ. ಆದರೂ ದಿಕ್ಕು ತೋರಿಸಲು ಸಾಕು.

ಆ ಚುರುಕು ಪೆಂಡಾಲಿನಲ್ಲಿ ಯಾಕೆ ಬೇಕು ಅಂದರೆ, ಬೇಸಿನ ಬಿಡಿ ಇ ತಂತಿ ಸೆಕೆಂಡಿಗೆ 41 ಸಲ ಅಲುಗುತ್ತದೆ. ಹಳ್ಳಿಯ ಸೌಂಡ್ ಸಿಸ್ಟಮ್ಮಿನ ಬಹುಪಾಲು ಡಬ್ಬಗಳು 41 ಹರ್ಟ್ಸನ್ನು ಸ್ವರವಾಗಿ ಹೊರಡಿಸುವುದಿಲ್ಲ, ಗುಡುಗಾಗಿ ಉಗುಳುತ್ತವೆ. ನಮ್ಮ ಕಿವಿಯೋ ಮೇಲಿನ ಅಂಶಸ್ವರಗಳನ್ನು (ತಂತಿ ಭಾಗವಾಗಿ ಅಲುಗುವಾಗ ಹುಟ್ಟುವ ಸ್ವರಗಳನ್ನು) ಹಿಡಿದುಕೊಂಡು ಕೆಳಗಿನ ಮೂಲ ಸ್ವರ ಯಾವುದು ಅಂತ ತಾನೇ ಊಹಿಸಿಕೊಳ್ಳುವಷ್ಟು ಜಾಣ. ಆ ಅಂಶಸ್ವರಗಳನ್ನು ಕೊಟ್ಟರೆ ಹುಡುಗನಿಗೆ ‘ಏನ್ ನುಡಿಸ್ತಿದೀರಾ’ ಅನ್ನುವುದು ಗೊತ್ತಾಗುತ್ತದೆ. ನೆಕ್ಕಿನ, ಅಂದರೆ ಕುತ್ತಿಗೆಯ, ಕಡೆಗೆ ಪಿಕಪ್ ಸೇರಿಸುವವರೂ ಇದ್ದಾರೆ. ಅಲ್ಲಿ ದನಿ ಇನ್ನೂ ದುಂಡಗೆ, ಇನ್ನೂ ಮಂದ. ನನ್ನ ರೋಗಕ್ಕೆ ಅದು ಮದ್ದಲ್ಲ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಬ್ರಿಡ್ಜಿನ ಕಡೆ ಎಂದರೂ ನಿಖರವಾಗಿ ಎಲ್ಲಿ? 1960ರಲ್ಲಿ ಫೆಂಡರ್ ತಂದ ಜಾಜ್ ಬೇಸಿನಲ್ಲಿ ಎರಡು ಪಿಕಪ್ ಇದ್ದವು. ಎಪ್ಪತ್ತರ ದಶಕದಲ್ಲಿ ಹಿಂದಿನದನ್ನು ಬ್ರಿಡ್ಜಿನ ಕಡೆಗೆ ಸುಮಾರು 10 ಮಿ.ಮೀ. ಸರಿಸಿದರು. ಆ ಹತ್ತು ಮಿಲಿಮೀಟರಿನ ಬಗ್ಗೆ ಬೇಸ್ ನುಡಿಸುವವರು ಇವತ್ತಿಗೂ ಜಗಳವಾಡುತ್ತಾರೆ. ಜಗಳದಲ್ಲಿ ಯಾರು ಸರಿ ಅಂತ ಹೇಳುವ ಬದಲು, ನಿಮ್ಮ ಕಿವಿಯಿಂದಲೇ ತೀರ್ಪು ಕೊಡಿಸುವ ಉಪಾಯ ಹೇಳುತ್ತೇನೆ. ಮರಕ್ಕೆ ಒಂದು ಗೀರೂ ಹಾಕಬೇಕಿಲ್ಲ.

ಪಿಕಪ್ ತಂತಿಯ ಕೆಳಗೇ ಇರಬೇಕೆಂಬ ಕಾನೂನಿಲ್ಲ. ಮೇಲಿದ್ದರೂ ಕೇಳುತ್ತದೆ. ಹೊಸ ಜೆ ಪಿಕಪ್ಪನ್ನು (ಜಾಜ್ ಬೇಸಿನ ಮಾದರಿಯದಕ್ಕೆ ಜೆ ಎನ್ನೋಣ, ಮೊದಲಿದ್ದದ್ದಕ್ಕೆ ಪಿ) ಒಂದು ಮರದ ಪಟ್ಟಿಗೆ ಎರಡು ಬದಿ ಅಂಟುವ ಟೇಪಿನಲ್ಲಿ ಬೋರಲಾಗಿ ಅಂಟಿಸಿದೆ. ಪಟ್ಟಿಯ ಎರಡು ತುದಿಗೆ ಬೆಂಕಿಪೊಟ್ಟಣ, ಬೇಕಾದಷ್ಟು ಎತ್ತರಕ್ಕೆ ರಟ್ಟು. ಸೇತುವೆಯ ಹಾಗೆ ತಂತಿಗಳ ಮೇಲೆ ನಿಲ್ಲಿಸಿ, ಮೊಸಳೆ ಕ್ಲಿಪ್ಪಿನಲ್ಲಿ ಪಿಕಪ್ಪಿನ ಎರಡು ವಯರನ್ನು ಒಂದು ಬಿಡಿ ಜಾಕಿಗೆ ಸೇರಿಸಿ, ಆಂಪ್ಲಿಫೈಯರಿಗೆ ಕೊಟ್ಟು ನುಡಿಸುತ್ತಾ ಹೋದೆ. ಪಟ್ಟಿಯನ್ನು 5 ಮಿ.ಮೀ. ಜರುಗಿಸುವುದು, ಅದೇ ನಾಲ್ಕು ಸಾಲು ನುಡಿಸುವುದು, ಫೋನಿನಲ್ಲಿ ಮುದ್ರಿಸುವುದು. 55ರಲ್ಲಿ ತಗಡು ಬಡಿದ ಹಾಗಿತ್ತು. 80ರಲ್ಲಿ ಪಿ ಪಿಕಪ್ಪಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಎರಡನೆಯದು ಹಾಕಿಯೂ ದಂಡ. 66ರಲ್ಲಿ ನಿಂತೆ. ಮರುದಿನ ಬೆಳಿಗ್ಗೆ ಬೇರೆ ಕಿವಿಯಲ್ಲಿ ಕೇಳಿದೆ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿದೆ. ಆಮೇಲೂ 66.

ಎರಡೂ ಪಿಕಪ್ ಸೇರಿದರೆ ಹೇಗಿರುತ್ತದೆ ಅಂತಲೂ ನೋಡಿದೆ. ಮೊದಲು ದನಿ ಬಡಕಲಾಯಿತು. ಜೆಯ ಕ್ಲಿಪ್ಪುಗಳನ್ನು ಅದಲುಬದಲು ಮಾಡಿದೆ, ತುಂಬಿಕೊಂಡಿತು. ‘ಬಿಳಿ ವಯರು ಬಿಸಿ, ಕಪ್ಪು ಗ್ರೌಂಡು’ (ಬಿಸಿ ಅಂದರೆ ದನಿ ಹೊರುವ ವಯರು, ಗ್ರೌಂಡು ಅದರ ವಾಪಸ್ ದಾರಿ) ಅಂತ ಒಂದು ಟೇಪಿನ ತುಂಡಿನ ಮೇಲೆ ಬರೆದು ಪಿಕಪ್ಪಿಗೇ ಅಂಟಿಸಿ, ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಟೇಪಿನ ತುಂಡನ್ನು ನೆನಪಿಟ್ಟುಕೊಳ್ಳಿ.

ಪಿಕಪ್ ಕೊಳ್ಳುವಾಗ ಎರಡು ವಿಚಾರ. ಒಂದು ಅಳತೆ. ಜೆ ಪಿಕಪ್ಪಿನಲ್ಲಿ ನೆಕ್ಕಿನದು ಗಿಡ್ಡ, ಬ್ರಿಡ್ಜಿನದು ಎರಡು ಮೂರು ಮಿ.ಮೀ. ಉದ್ದ, ಸುಮಾರು 94. ಬ್ರಿಡ್ಜಿನ ಹತ್ತಿರ ತಂತಿಗಳು ಹರಡಿಕೊಂಡಿರುತ್ತವಲ್ಲ, ಅದಕ್ಕೆ. ಪಿಕಪ್ ಕೈಗೆ ಬರುವ ಮೊದಲು ಎಲ್ಲಿಂದಲೋ ಸಿಕ್ಕ ನಕ್ಷೆ ನಂಬಿ ಮರ ಕೊರೆಯಬೇಡಿ. ಎರಡನೆಯದು ಹಮ್ಮು, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ಪಿ ಪಿಕಪ್ಪಿನ ಎರಡು ತುಂಡುಗಳಲ್ಲಿ ಸುರುಳಿಯ ದಿಕ್ಕೂ ಉಲ್ಟಾ, ಅಯಸ್ಕಾಂತದ ಧ್ರುವವೂ ಉಲ್ಟಾ. ಹೊರಗಿನಿಂದ ನುಗ್ಗುವ ಕರೆಂಟಿನ ಗದ್ದಲ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಆಗಿ ಕಳೆದುಹೋಗುತ್ತದೆ. ತಂತಿಯ ದನಿಗೆ ಎರಡು ಸಲ ಉಲ್ಟಾ ಆಗಿ ಏನೂ ಆಗುವುದಿಲ್ಲ. ಸಾದಾ ಜೆಯಲ್ಲಿ ಇರುವುದು ಒಂದೇ ಸುರುಳಿ. ಜಾಜ್ ಬೇಸಿನಲ್ಲಾದರೆ ಎರಡು ಜೆಗಳು ಪರಸ್ಪರ ಉಲ್ಟಾ ಇದ್ದು, ಎರಡನ್ನೂ ಪೂರ್ತಿ ಏರಿಸಿದಾಗ ಹಮ್ಮು ಹೋಗುತ್ತದೆ. ಪಿಯ ಜೊತೆ ಕೂರುವ ಒಂಟಿ ಜೆಗೆ ಆ ಜೋಡಿಯಿಲ್ಲ. ಪಿ ತನ್ನ ಲೆಕ್ಕ ತಾನೇ ಚುಕ್ತಾ ಮಾಡಿಕೊಂಡಿದೆ, ಜೆಯ ಸಾಲ ತೀರಿಸುವುದಿಲ್ಲ.

ನಮ್ಮ ಕಡೆಯ ವಿದ್ಯುತ್ತು 50 ಹರ್ಟ್ಸ್. ಬೇಸಿನ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಹಮ್ಮು ನಮ್ಮ ಅಂಗಳದಲ್ಲೇ ಮನೆ ಮಾಡಿದೆ ಅಂತಾಯಿತು. ಜೊತೆಗೆ ಪೆಂಡಾಲಿನ ಸೀರಿಯಲ್ ಸೆಟ್ಟು, ಡಿಮ್ಮರು, ಮನೆಯಲ್ಲಿ ಕರೆಂಟು ಹೋದಾಗ ಚೌಕಾಕಾರದ ಅಲೆ ಕೊಡುವ ಹಳೆಯ ಇನ್ವರ್ಟರಿನ ಗರಗರ. ಜೆಯ ಡಬ್ಬದೊಳಗೇ ಎರಡು ಸುರುಳಿಯನ್ನು ಒಂದರ ಮೇಲೊಂದು ಅಥವಾ ಪಕ್ಕಪಕ್ಕ ಅಡಗಿಸಿಟ್ಟ ಹಮ್ಮಿಲ್ಲದ ಮಾದರಿಗಳಿವೆ. ಸ್ಟುಡಿಯೋದಲ್ಲಿ ಕೂತು ನುಡಿಸುವವರು ಏನಾದರೂ ಮಾಡಿಕೊಳ್ಳಲಿ, ಊರೂರು ತಿರುಗುವವರು ಅದನ್ನೇ ತಗೊಳ್ಳಿ. ನಾನು ದುಡ್ಡು ಉಳಿಸಲು ಹೋಗಿ ಸಾದಾ ಜೆ ತಂದೆ, ಈಗಲೂ ಹಾಡು ನಿಂತಾಗಲೆಲ್ಲ ವಾಲ್ಯೂಮ್ ಇಳಿಸುತ್ತಿರುತ್ತೇನೆ.

ಕೊರೆಯುವ ಮುನ್ನ ಬೇಲೂರಿಗೊಂದು ಸುತ್ತು ಹೋಗಿಬರೋಣ. ನನ್ನ ಕೈಯಲ್ಲಿ ಉಳಿ ಕಂಡಾಗಲೆಲ್ಲ ಬಡಗಿ ‘ಏನ್ ಜಕಣಾಚಾರಿಗಳೇ’ ಅನ್ನುತ್ತಿದ್ದ. ಹಾಸನದವರಿಗೆ ಈ ಗೇಲಿ ಹೊಸದಲ್ಲ. ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಗೊತ್ತು: ಹುಡುಗನೊಬ್ಬ ವಿಗ್ರಹದಲ್ಲಿ ದೋಷವಿದೆ ಅಂದ, ಗಂಧ ಲೇಪಿಸಿದರೆ ಹೊಕ್ಕುಳ ಹತ್ತಿರ ಮಾತ್ರ ಆರಲಿಲ್ಲ, ಒಡೆದರೆ ನೀರು, ಕಪ್ಪೆ. ಐತಿಹ್ಯ ಐತಿಹ್ಯವಾಗಿರಲಿ, ಬೇಸಿನ ಹೊಟ್ಟೆಯಲ್ಲೂ ಒಂದು ಕಪ್ಪೆ ನಿಜಕ್ಕೂ ಇರುತ್ತದೆ. ಬ್ರಿಡ್ಜಿನ ಅಡಿಯಿಂದ ಕಂಟ್ರೋಲಿನ ಗುಳಿಗೆ ಮರದೊಳಗೇ ಒಂದು ಸುರಂಗ, ಅದರಲ್ಲೊಂದು ಗ್ರೌಂಡ್ ವಯರು. ನೀವು ಹೊಸ ಗುಳಿ ತೋಡಬೇಕೆಂದಿರುವ ಜಾಗದ ಪಕ್ಕದಲ್ಲೇ, ಕೆಲವೊಮ್ಮೆ ಅಡಿಯಲ್ಲೇ ಅದು ಹಾದುಹೋಗಿರುತ್ತದೆ. ಗಂಧ ತೇಯಬೇಕಿಲ್ಲ. ಬ್ರಿಡ್ಜ್ ಬಿಚ್ಚಿ, ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಪಿಕ್‌ಗಾರ್ಡ್ ಬಿಚ್ಚಿ, ಎರಡು ಕಡೆಯ ತೂತಿಗೂ ಹಳೆಯ ಗಿಟಾರ್ ತಂತಿ ತೂರಿಸಿ ನೋಡಿದರೆ ಸುರಂಗದ ದಾರಿ, ಆಳ ಎರಡೂ ತಿಳಿಯುತ್ತವೆ. ನನ್ನದರಲ್ಲಿ ಅದು ಹೊಸ ಗುಳಿಯ ಒಂದು ಮೂಲೆಯನ್ನು ಸೀಳಿಕೊಂಡೇ ಹೋಗುತ್ತಿತ್ತು. ವಯರನ್ನು ಹೊರಗೆಳೆದಿಟ್ಟು ತೋಡಿದೆ. ಆಮೇಲೆ ಅದೇ ಸುರಂಗ ಹೊಸ ವಯರಿಗೆ ಸಿದ್ಧ ದಾರಿಯಾಯಿತು, ಉದ್ದನೆಯ ಡ್ರಿಲ್ ಬಿಟ್ಟು ಹಾಕಿ ಓರೆಯಾಗಿ ತೂತು ಕೊರೆಯುವ ಪೀಕಲಾಟ ತಪ್ಪಿತು. ಅದೃಷ್ಟವಿಲ್ಲದವರು ಹೊಸ ಗುಳಿಯಿಂದ ಪಿಯ ಗುಳಿಗೆ 6 ಮಿ.ಮೀ. ತೂತು ಹಾಕಿಕೊಳ್ಳಬಹುದು. ನಡುವೆ ಇರುವ ಮರ ಕಡಿಮೆ.

ಅಳತೆಯನ್ನು ಬ್ರಿಡ್ಜಿನ ತಗಡಿನಿಂದ ಹಿಡಿಯಬೇಡಿ. ಸ್ಯಾಡಲ್‌ಗಳೂ ಒಂದೊಂದು ತಂತಿಗೆ ಹಿಂದೆಮುಂದೆ ಇರುತ್ತವೆ. ನಟ್ಟಿನಿಂದ ಹನ್ನೆರಡನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ, ಆ ಬಿಂದುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಇ ಮತ್ತು ಜಿ ತಂತಿ ಎರಡನ್ನು ಮಾತ್ರ ಬಿಗಿದಿಟ್ಟು ಅವುಗಳ ನಡುವಿನ ಮಧ್ಯರೇಖೆ ಎಳೆದುಕೊಂಡರೆ ಪಿಕಪ್ ಎಡಕ್ಕೋ ಬಲಕ್ಕೋ ವಾಲುವುದಿಲ್ಲ. ಜೆಯಲ್ಲಿ ಒಂದೊಂದು ತಂತಿಗೂ ಎರಡೆರಡು ಕಂಬ (ಅಯಸ್ಕಾಂತದ ಗುಂಡು ಕಡ್ಡಿ). ತಂತಿ ಆ ಜೋಡಿಯ ನಡುವೆ ಹಾಯಬೇಕು.

ಬಡಗಿಯ ಹತ್ತಿರ ಅಡುಗೆಮನೆ ಲ್ಯಾಮಿನೇಟ್ ಕತ್ತರಿಸುವ ಟ್ರಿಮ್ಮರ್ ಇತ್ತು. ಈಗ ಪ್ಲೈವುಡ್ ಕೆಲಸ ಮಾಡುವ ಯಾವ ಬಡಗಿಯ ಹತ್ತಿರವೂ ಇರುತ್ತದೆ. ಅದಕ್ಕೆ ಮೇಲ್ಗಡೆ ಬೇರಿಂಗ್ ಇರುವ ಬಿಟ್ಟು (ಕೊರೆಯುವ ಅಲಗು) ಹಾಕಿಸಿ. 12 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಪಿಕಪ್ಪಿನ ಆಕಾರವನ್ನು, ಅದರ ಸ್ಕ್ರೂ ಕಿವಿಗಳ ಸಮೇತ, ಸುತ್ತ ಅರ್ಧ ಮಿ.ಮೀ. ಸಡಿಲ ಬಿಟ್ಟು ಕತ್ತರಿಸಿ ಅರದಿಂದ ಉಜ್ಜಿಕೊಂಡರೆ ಅದೇ ಅಚ್ಚು. ಬೇರಿಂಗು ಅಚ್ಚಿನ ಅಂಚಿಗೆ ಒರಗಿ ಓಡುತ್ತದೆ, ಬಿಟ್ಟು ಅದರ ಕೆಳಗೆ ಅಷ್ಟೇ ಅಗಲ ತಿನ್ನುತ್ತದೆ. ಮೊದಲು ಒಂದು ಸಿಲ್ವರ್ ಓಕ್ ತುಂಡಿನ ಮೇಲೆ ಪೂರ್ತಿ ಗುಳಿ ತೋಡಿ ಪಿಕಪ್ ಇಳಿಸಿ ನೋಡಿದೆವು. ಕಾಫಿ ತೋಟದ ಕಡೆಯವರಿಗೆ ಸಿಲ್ವರ್ ಓಕ್ ತುಂಡಿಗೇನು ಬರ. ಆಮೇಲೆ ಬೇಸಿನ ಮೈ. ಒಳಗಿನ ಬಹುಪಾಲು ಮರವನ್ನು ಡ್ರಿಲ್ಲಿನಲ್ಲೇ ತೆಗೆದು, ಉಳಿದದ್ದನ್ನು ಟ್ರಿಮ್ಮರಿನಲ್ಲಿ ಒಂದು ಸಲಕ್ಕೆ 3 ಮಿ.ಮೀ.ನಷ್ಟು ಇಳಿಯುತ್ತಾ, ಗುಳಿಯೊಳಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓಡಿಸಬೇಕು. ಉಲ್ಟಾ ಓಡಿಸಿದರೆ ಯಂತ್ರ ಕೈಯಿಂದ ಕಿತ್ತುಕೊಂಡು ಹೋಗಲು ನೋಡುತ್ತದೆ. 20 ಮಿ.ಮೀ. ಆಳ ಸಾಕಾಯಿತು, ಮೈಯ ದಪ್ಪ 44, ಅಡಿಯಲ್ಲಿ ಇನ್ನೂ 24 ಉಳಿಯಿತು. ಟ್ರಿಮ್ಮರ್ ಇಲ್ಲದವರು ಡ್ರಿಲ್ಲು, ಹರಿತವಾದ ಉಳಿ ಎರಡರಲ್ಲೇ ಮಾಡಬಹುದು. ಒಂದು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೇ. ‘ಇದೇನ್ ಸಾರ್, ಹಾಲುವಾಣದ್ ಥರ ಮೆತ್ತಗಿದೆ, ಇದಕ್ಕಾ ಅಷ್ಟ್ ದುಡ್ಡು’ ಅಂತ ಬಡಗಿ ಕೇಳಿದ. ಅಗ್ಗದ ಬೇಸುಗಳಿಗೆ ಹೆಚ್ಚಾಗಿ ಬಳಸುವುದು ಬಾಸ್‌ವುಡ್‌ನಂಥ ಮೆದು ಮರವೇ. ಉತ್ತರ ಹೇಳದೆ ಟೀ ತರಿಸಿದೆ.

ಮರಕ್ಕಿಂತ ಅದರ ಮೇಲಿನ ಪಾಲಿಶ್ ಅಪಾಯ. ಈ ಬೇಸುಗಳ ಮೇಲೆ ಗಾಜಿನಂಥ ಪಾಲಿಎಸ್ಟರ್ ಪದರ ಇರುತ್ತದೆ, ಬಿಟ್ಟು ತಗುಲಿದರೆ ಚಕ್ಕೆ ಏಳುತ್ತದೆ. ಟೇಪು ಹಾಕಿ, ಗೆರೆಯ ಉದ್ದಕ್ಕೂ ಬ್ಲೇಡಿನಲ್ಲಿ ಮೂರ್ನಾಲ್ಕು ಸಲ ಆಳವಾಗಿ ಗೀರಿ, ಆಮೇಲೆ ಯಂತ್ರ ಇಡಬೇಕು. ಮೂರು ಬದಿ ಹಾಗೇ ಮಾಡಿದೆ. ನಾಲ್ಕನೆಯ ಬದಿಯ ಹೊತ್ತಿಗೆ ಕರೆಂಟು ಹೋಗಿ ಬಂತು, ಮತ್ತೆ ಹೋದೀತೆಂಬ ಆತುರದಲ್ಲಿ ಗೀರುವುದನ್ನು ಬಿಟ್ಟೆ. ಜಿ ತಂತಿಯ ಕಡೆ ಹೆಬ್ಬೆರಳ ಉಗುರಿನಷ್ಟು ಚಕ್ಕೆ ಹಾರಿತು. ಈಗಲೂ ಹಾಗೇ ಇದೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಈ ಕೆಲಸ ಬೇಡ. ಸಕಲೇಶಪುರದ ಕಡೆಯಿಂದ ಜಡಿಮಳೆ ಹಿಡಿದಾಗ ಎಂಡಿಎಫ್ ಅಚ್ಚು ಹಪ್ಪಳದ ಹಾಗೆ ಉಬ್ಬುತ್ತದೆ, ವಾರ್ನಿಶ್ ಒಣಗುವುದಿಲ್ಲ.

ಗುಳಿಯ ಒಳಗೋಡೆಗೆ ತಾಮ್ರದ ಟೇಪು ಅಂಟಿಸಿ ಅದನ್ನೂ ಗ್ರೌಂಡಿಗೆ ಸೇರಿಸಿದರೆ ಗರಗರ ಕಡಿಮೆಯಾಗುತ್ತದೆ. 50 ಹರ್ಟ್ಸಿನ ಗುಂಯ್ ಅನ್ನು ಅದು ತಡೆಯದು, ಅದು ಅಯಸ್ಕಾಂತದ ದಾರಿಯಲ್ಲಿ ಬರುತ್ತದೆ.

ವೈರಿಂಗಿನಲ್ಲಿ ಜನ ಎಡವುವ ಜಾಗ ಒಂದೇ, ಆದರೆ ಎಲ್ಲರೂ ಎಡವುತ್ತಾರೆ. ವಾಲ್ಯೂಮ್ ಕಂಟ್ರೋಲಿಗೆ ಮೂರು ಕಾಲು. ಎರಡು ತುದಿ, ನಡುವೆ ಜಾರುವ ಒಂದು. ಒಂದು ತುದಿ ಗ್ರೌಂಡಿಗೆ, ಅಂದರೆ ಚರಂಡಿಗೆ. ಪಿ ಬೇಸಿನಲ್ಲಿ ಪಿಕಪ್ ಇನ್ನೊಂದು ತುದಿಗೆ ಬರುತ್ತದೆ, ನಡುವಿನ ಕಾಲಿನಿಂದ ದನಿ ಜಾಕಿಗೆ ಹೋಗುತ್ತದೆ. ಗುಂಡಿ ಸೊನ್ನೆಗೆ ತಿರುಗಿಸಿದರೆ ನಡುವಿನ ಕಾಲು ಚರಂಡಿಗೆ ತಾಗಿ ದನಿ ನಿಲ್ಲುತ್ತದೆ. ಒಂದೇ ಪಿಕಪ್ ಇದ್ದಾಗ ಇದು ಸರಿ. ಎರಡು ಪಿಕಪ್ಪಿಗೂ ಹೀಗೇ ಮಾಡಿ ಎರಡರ ನಡುಗಾಲನ್ನೂ ಜಾಕಿಗೆ ಸೇರಿಸಿದರೆ? ಒಂದನ್ನು ಸೊನ್ನೆ ಮಾಡಿದ ಕೂಡಲೇ ಜಾಕೇ ಚರಂಡಿಗೆ ಬಿತ್ತು. ಇನ್ನೊಂದು ಪೂರ್ತಿ ತೆರೆದಿದ್ದರೂ ಇಡೀ ಬೇಸು ಮೂಕ. ಎರಡು ತೊಟ್ಟಿಯಿಂದ ಒಂದೇ ಕಾಲುವೆಗೆ ನೀರು ಬರುತ್ತಿದೆ ಅನ್ನಿ. ಒಂದು ತೊಟ್ಟಿಯ ನೀರು ಬೇಡವೆಂದು ಕಾಲುವೆಯ ಏರಿಯನ್ನೇ ಕಡಿದರೆ ಗದ್ದೆಗೆ ಯಾವುದೂ ಬರುವುದಿಲ್ಲ. ಕಡಿಯಬೇಕಾದ್ದು ಆ ತೊಟ್ಟಿಯ ಬುಡವನ್ನು.

ಜಾಜ್ ಬೇಸಿನವರು ಮಾಡಿದ್ದು ಅದನ್ನೇ: ಪಿಕಪ್ಪನ್ನು ನಡುವಿನ ಕಾಲಿಗೆ ಕೊಟ್ಟು, ದನಿಯನ್ನು ತುದಿಯ ಕಾಲಿನಿಂದ ತೆಗೆದರು. ಸೊನ್ನೆಯಲ್ಲಿ ಆ ಪಿಕಪ್ ಮಾತ್ರ ಚರಂಡಿ ಪಾಲು. ಜಾಕಿಗೂ ಚರಂಡಿಗೂ ನಡುವೆ 250 ಕಿಲೋ ಓಮಿನ ಏರಿ ಹಾಗೇ ಉಳಿಯುತ್ತದೆ, ಇನ್ನೊಂದರ ದನಿ ಹರಿಯುತ್ತದೆ. ಹಾಗಾಗಿ ಪಿಗೆ ಜೆ ಸೇರಿಸುವಾಗ ಹಳೆಯ ವಾಲ್ಯೂಮಿನ ವಯರುಗಳನ್ನೂ ಬಿಚ್ಚಿ ತಿರುವುಮುರುವು ಮಾಡಬೇಕು. ಎರಡು ವಾಲ್ಯೂಮೂ 250 ಕಿಲೋ ಓಮಿನವು. ಟೋನಿಗೆ ಇದ್ದ ಕಂಟ್ರೋಲೇ ಸಾಕು, ಅದರ ಕೆಪಾಸಿಟರ್ ಮೇಲೆ 473 ಅಂತ ಬರೆದಿರುತ್ತದೆ, 0.047 ಮೈಕ್ರೊಫ್ಯಾರಡ್. ಮೂರನೇ ಗುಂಡಿಗೆ ಪಿಕ್‌ಗಾರ್ಡಿನ ಪ್ಲಾಸ್ಟಿಕ್ಕಿನಲ್ಲಿ ಒಂದು ತೂತು. ಕಂಟ್ರೋಲಿನ ಬೆನ್ನಿಗೆ ಬೆಸುಗೆ ಹಾಕುವಾಗ ಮರಳು ಕಾಗದದಿಂದ ಉಜ್ಜಿ, ಸ್ವಲ್ಪ ಹೆಚ್ಚು ಬಿಸಿಯ ಕಬ್ಬಿಣದಿಂದ ಬೇಗ ಮುಗಿಸಿ. ತಣ್ಣನೆ ಕಬ್ಬಿಣ ಇಟ್ಟು ಕಾದರೆ ಒಳಗಿನ ಪಟ್ಟಿ ಬೆಂದುಹೋಗುತ್ತದೆ. ಬ್ರಿಡ್ಜಿನ ಗ್ರೌಂಡ್ ವಯರನ್ನು ವಾಪಸ್ ಸೇರಿಸಲು ಮರೆಯಬೇಡಿ. ಬೇಸಿನಲ್ಲಿ ಬ್ಯಾಟರಿ ಇದ್ದರೆ ಈ ಲೆಕ್ಕ ಪೂರ್ತಿ ಬೇರೆ, ಕೈ ಹಾಕಬೇಡಿ.

ಗ್ರೌಂಡ್ ಎಂದಮೇಲೆ ಇದನ್ನೂ ಹೇಳಿಬಿಡಬೇಕು. ಆ ವಯರಿನಿಂದಾಗಿ ನಿಮ್ಮ ತಂತಿ ಆಂಪ್ಲಿಫೈಯರಿನ ಮೈಗೆ ಕೂಡಿಕೊಂಡಿರುತ್ತದೆ. ಅರ್ತಿಂಗ್ ಇಲ್ಲದ ಪೆಂಡಾಲಿನಲ್ಲಿ ಕೈ ತಂತಿಯ ಮೇಲಿಟ್ಟು ಮೈಕಿಗೆ ತುಟಿ ತಾಗಿಸಿದರೆ ಹೊಡೆಯಬಹುದು, ಜುಮ್ಮೆನ್ನುವಷ್ಟಕ್ಕೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಹಾಡುವ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ದೀಪ ಹೊತ್ತಿಕೊಂಡರೆ ಬೇಸು ಮುಟ್ಟುವುದಿಲ್ಲ.

ಎಲ್ಲ ಬೆಸೆದು, ತಂತಿ ಬಿಗಿದು, ಪಿ ಮಾತ್ರ ಕೇಳಿದೆ: ಹಳೆಯ ಗೆಳೆಯ. ಜೆ ಮಾತ್ರ: 66ರಲ್ಲಿ ಕೇಳಿದ್ದ ಅದೇ ಚುರುಕು. ಎರಡನ್ನೂ ಏರಿಸಿದೆ, ಬೇಸೇ ಮಾಯವಾಯಿತು. ನೆಗಡಿಯಾದವನು ಮೂಗಿನಲ್ಲಿ ಹಾಡಿದ ಹಾಗೆ. ಬಿಚ್ಚಿ ಬೆಸುಗೆಗಳನ್ನೆಲ್ಲ ನೋಡಿದೆ, ಟೇಪಿನ ಮೇಲೆ ಬರೆದ ಪ್ರಕಾರವೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಪರೀಕ್ಷೆ ಮಾಡಿದಾಗ ಪಿಕಪ್ ತಂತಿಯ ಮೇಲಿತ್ತು! ಕೆಳಗಿರುವ ಪಿಕಪ್ಪಿಗೆ ತಂತಿ ಕೆಳಗೆ ಬಂದರೆ ಹತ್ತಿರ. ಮೇಲಿರುವುದಕ್ಕೆ ತಂತಿ ಮೇಲೆ ಹೋದರೆ ಹತ್ತಿರ. ಒಂದರ ಪ್ಲಸ್ ಇನ್ನೊಂದರ ಮೈನಸ್. ಬೋರಲಾಗಿದ್ದಾಗ ಸರಿ ಬರುವಂತೆ ವಯರು ಬದಲಿಸಿಕೊಂಡವನು ಅಂಗಾತ ಮಲಗಿಸಿದಾಗ ಅದನ್ನೇ ಉಳಿಸಿಕೊಂಡಿದ್ದೆ. ಮೂಲ ಸ್ವರ ಎರಡು ಪಿಕಪ್ಪಿನಲ್ಲೂ ಒಂದೇ ಹೊತ್ತಿಗೆ ಏರಿ ಇಳಿಯುತ್ತದೆ, ಒಂದನ್ನು ತಿರುವಿದರೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಕಳೆದುಹೋಗುವುದು ಮೊದಲು ತಳವೇ.

ಇದನ್ನು ಬೆಸುಗೆಗೆ ಮೊದಲೇ ತಿಳಿಯಬಹುದಿತ್ತು. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಪಿಕಪ್ಪಿನ ಎರಡು ವಯರಿಗೆ ಹಿಡಿದು, ಕಬ್ಬಿಣದ ಸ್ಕ್ರೂಡ್ರೈವರನ್ನು ಕಂಬದ ಮೇಲಿಟ್ಟು ತಟ್ಟನೆ ಮೇಲಕ್ಕೆ ಎಳೆಯಿರಿ. ಅಂಕಿ ಪ್ಲಸ್ಸಿಗೆ ಹಾರಿತೋ ಮೈನಸ್ಸಿಗೋ? ಇನ್ನೊಂದು ಪಿಕಪ್ಪಿಗೂ ಅದೇ. ಎರಡೂ ಒಂದೇ ಕಡೆಗೆ ಹಾರುವ ಹಾಗೆ ಬಿಸಿ, ಗ್ರೌಂಡ್ ಗೊತ್ತುಮಾಡಿಕೊಳ್ಳಿ. ಮುಳ್ಳಿನ ಮೀಟರ್ ಇದ್ದರೆ ಇನ್ನೂ ಸ್ಪಷ್ಟ. ಪಿಕಪ್ಪಿನ ಲೋಹದ ಭಾಗಕ್ಕೇ ಒಂದು ವಯರು ಅಂಟಿಕೊಂಡಿದ್ದರೆ ಮಾತ್ರ ಬರೀ ಅದಲುಬದಲು ಮಾಡಬೇಡಿ, ಆ ಲೋಹ ಬಿಸಿ ವಯರಿನ ಪಾಲಾಗಿ ಮುಟ್ಟಿದಾಗಲೆಲ್ಲ ಗುಂಯ್ ಅನ್ನುತ್ತದೆ. ಮೊದಲು ಆ ಕೂಡಿಕೆ ಬಿಡಿಸಿ, ಲೋಹವನ್ನು ಬೇರೆ ವಯರಿನಲ್ಲಿ ಗ್ರೌಂಡಿಗೆ ಕೊಡಬೇಕು.

ಸರಿಮಾಡಿದ ಮೇಲೂ ಎರಡೂ ಸೇರಿದ ದನಿ ನಾನು ಅಂದುಕೊಂಡಂತೆ ಒಂದಕ್ಕೊಂದು ಕೂಡಿದ್ದಾಗಿರಲಿಲ್ಲ. ಮಧ್ಯದಲ್ಲಿ ಏನೋ ಕೆರೆದು ತೆಗೆದ ಹಾಗಿತ್ತು. ಎಂಟು ಭಾಗದ ಅಲುಗಾಟ ನೋಡಿ: ಒಂದೊಂದು ಭಾಗ 108 ಮಿ.ಮೀ. 66ರ ಜಾಗ ಮೊದಲನೇ ಭಾಗದಲ್ಲಿ, 140 ಎರಡನೇ ಭಾಗದಲ್ಲಿ. ಅಕ್ಕಪಕ್ಕದ ಭಾಗಗಳು ಏತದ ಎರಡು ತುದಿಯ ಹಾಗೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಜೆ ಕೂಡು ಅಂದದ್ದನ್ನು ಪಿ ಕಳೆ ಅನ್ನುತ್ತದೆ. ಬಿಡಿ ಎ ತಂತಿಯಲ್ಲಿ ಎಂಟನೆಯದೆಂದರೆ 440 ಹರ್ಟ್ಸ್, ಪೆಂಡಾಲಿನಲ್ಲಿ ಬೇಸನ್ನು ಎತ್ತಿ ಹೇಳುವ ಜಾಗವೇ ಅದು. ಒಬ್ಬನೇ ಕೂತು ನುಡಿಸಿದರೆ ಈ ಕೆರೆದ ದನಿ ಬಹಳ ಚಂದ, ತಂಡದ ನಡುವೆ ಮತ್ತೆ ಮುಳುಗುತ್ತದೆ. ಹಾಗಾಗಿ ವೇದಿಕೆಯಲ್ಲಿ ನಾನು ಎರಡನ್ನೂ ಸಮಸಮ ಇಡುವುದೇ ಇಲ್ಲ. ಪಿ ಪೂರ್ತಿ, ಜೆ ಅರ್ಧಕ್ಕಿಂತ ತುಸು ಮೇಲೆ. ತಮಟೆ ಇದ್ದ ದಿನ ಜೆ ಪೂರ್ತಿ, ಪಿ ಅರ್ಧ.

ಕೊನೆಗೆ ಎತ್ತರ. ಬ್ರಿಡ್ಜಿನ ಹತ್ತಿರ ತಂತಿ ಕಡಿಮೆ ಅಲುಗುವುದರಿಂದ ಜೆಯನ್ನು ಪಿಗಿಂತ ತಂತಿಗೆ ಹತ್ತಿರ ತರಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಪಿಕಪ್ಪಿಗೂ ತಂತಿಗೂ ನಡುವೆ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದಷ್ಟು, ಸುಮಾರು 3 ಮಿ.ಮೀ. ಸಂದು ಇರಲಿ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ಅಲೆಯುತ್ತದೆ. ಪಿಕಪ್ಪಿನ ಅಡಿಗೆ ಒತ್ತು ಕೊಡಲು ಸ್ಪ್ರಿಂಗ್ ಹುಡುಕಿಕೊಂಡು ಹೋಗಬೇಡಿ, ಹಳೆಯ ಹವಾಯಿ ಚಪ್ಪಲಿಯ ಎರಡು ತುಂಡು ಸಾಕು. ಇ ತಂತಿಯ ಕಡೆ ಅರ್ಧ ಸುತ್ತು ತಗ್ಗಿಸಿ, ಜಿ ಕಡೆ ಹಾಗೇ ಬಿಡಿ. ಎರಡು ವಾರ ಬಿಟ್ಟು ಮತ್ತೆ ನಾಣ್ಯ ಹಿಡಿದು ನೋಡಿ. ಅಷ್ಟರಲ್ಲಿ ಚಪ್ಪಲಿ ಸ್ವಲ್ಪ ಕುಗ್ಗಿರುತ್ತದೆ.